ಆಗದು ಎಂದದ್ದೆಲ್ಲ ಆಗಿದೆ: ಆ್ಯಪಲ್ ಮತ್ತು ದುರಸ್ತಿಯ ಪ್ರಶ್ನೆ

ಬೆಂಗಳೂರಿನ ಎಸ್.ಪಿ. ರಸ್ತೆಯ ರಿಪೇರಿ ಅಂಗಡಿಗಳಲ್ಲಿ ಐಫೋನಿನ ಒಡೆದ ಡಿಸ್‌ಪ್ಲೇ ಬದಲಾಯಿಸುವುದನ್ನು ನಿಂತು ನೋಡಿದವರಿಗೆ ಒಂದು ಸಂಗತಿ ವಿಚಿತ್ರವಾಗಿ ಕಾಣುತ್ತದೆ. ಹೊಸ ಡಿಸ್‌ಪ್ಲೇ ಕೈಯಲ್ಲಿದ್ದರೂ ರಿಪೇರಿಯವರು ಹಳೆಯದನ್ನು ಬಿಸಾಡುವುದಿಲ್ಲ. ಅದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಬಿಸಿಗಾಳಿ ಹಾಯಿಸಿ, ತೊಗರಿಬೇಳೆಗಿಂತ ಚಿಕ್ಕದಾದ ಐಸಿ (ಚಿಪ್) ಒಂದನ್ನು ಎಬ್ಬಿಸಿ ಹೊಸ ಡಿಸ್‌ಪ್ಲೇಯ ಮೇಲೆ ಬೆಸುಗೆ ಹಾಕುತ್ತಾರೆ. ಹೊಸದರಲ್ಲಿ ಆ ಐಸಿ ಇಲ್ಲವೆಂದಲ್ಲ. ಇದೆ, ಕೆಲಸವನ್ನೂ ಮಾಡುತ್ತದೆ. ಆದರೆ ಫೋನು ಕಾರ್ಖಾನೆಯಿಂದ ಹೊರಡುವಾಗ ತನ್ನೊಡನಿದ್ದ ಬಿಡಿಭಾಗದ ಗುರುತಿನ ಸಂಖ್ಯೆಯನ್ನು ನೆನಪಿಟ್ಟುಕೊಂಡಿರುತ್ತದೆ, ಬೇರೆ ಸಂಖ್ಯೆ ಕಂಡರೆ ತಕರಾರು ತೆಗೆಯುತ್ತದೆ. 2021ರಲ್ಲಿ ಐಫೋನ್ 13 ಬಂದ ಹೊಸತರಲ್ಲಿ ಹೀಗೆ ಐಸಿ ವರ್ಗಾಯಿಸದೆ ಡಿಸ್‌ಪ್ಲೇ ಬದಲಿಸಿದರೆ ಮುಖ ಗುರುತಿಸುವ ಫೇಸ್ ಐಡಿಯೇ ನಿಂತುಹೋಗುತ್ತಿತ್ತು. ಟೀಕೆ ಜೋರಾದ ಮೇಲೆ ಆ್ಯಪಲ್ ಅದನ್ನು ಒಂದು ಸಾಫ್ಟ್‌ವೇರ್ ಅಪ್‌ಡೇಟಿನಲ್ಲಿ ಸರಿಪಡಿಸಿತು. ಒಂದು ಸಾಫ್ಟ್‌ವೇರ್ ಅಪ್‌ಡೇಟಿನಲ್ಲಿ ಸರಿಹೋಯಿತು ಎಂಬ ಮಾತಿನಲ್ಲೇ ಈ ಲೇಖನದ ವಿಷಯವೆಲ್ಲ ಅಡಗಿದೆ.

ಬಿಡಿಭಾಗವನ್ನು ಒಂದೇ ಫೋನಿಗೆ ಕಟ್ಟಿಹಾಕುವ ಈ ಪದ್ಧತಿಗೆ ‘ಪಾರ್ಟ್ಸ್ ಪೇರಿಂಗ್’ ಎಂಬ ಹೆಸರು ರೂಢಿಯಲ್ಲಿದೆ. ಇದರ ಬಗ್ಗೆ ಬರೆಯುವ ಮುನ್ನ ನನ್ನ ಪಕ್ಷಪಾತವನ್ನು ಹೇಳಿಬಿಡುವುದು ಒಳ್ಳೆಯದು. ಆ್ಯಪಲ್‌ನ ಎಂಜಿನಿಯರಿಂಗ್ ಅನ್ನು ಮೆಚ್ಚುವವರಲ್ಲಿ ನಾನೂ ಒಬ್ಬ. 2020ರ ನವೆಂಬರಿನಲ್ಲಿ ಬಂದ ಎಂ1 ಚಿಪ್, ಫ್ಯಾನೇ ಇಲ್ಲದ ತೆಳ್ಳನೆಯ ಲ್ಯಾಪ್‌ಟಾಪಿನಲ್ಲಿ ದಿನವಿಡೀ ಬ್ಯಾಟರಿ ಉಳಿಸಿಕೊಂಡು ಅಷ್ಟು ವೇಗವಾಗಿ ಓಡಿದ್ದನ್ನು ಕಂಡು ಬೆರಗಾದವನು ನಾನು. ಈ ಕಂಪನಿಗೆ ಕೆಲಸ ಬರುವುದಿಲ್ಲ ಎಂದು ಯಾರೂ ಹೇಳಲಾರರು. ನನ್ನ ತಕರಾರೂ ಇಲ್ಲಿಂದಲೇ ಹುಟ್ಟುವುದು. ಇಷ್ಟು ಬಲ್ಲವರು ದುರಸ್ತಿಯ ವಿಷಯ ಬಂದಾಗ ಮಾತ್ರ ‘ತಾಂತ್ರಿಕವಾಗಿ ಕಷ್ಟ’ ಎಂದು ಕೈಚೆಲ್ಲುತ್ತಾರೆ. ಆಮೇಲೆ ಕಾನೂನೋ ನ್ಯಾಯಾಲಯವೋ ಬೆನ್ನಹಿಂದೆ ಬಂದು ನಿಂತ ಕೂಡಲೇ ಅದೇ ಕೆಲಸವನ್ನು ಬೇರೆಲ್ಲರಿಗಿಂತ ಚೆನ್ನಾಗಿ ಮಾಡಿ ತೋರಿಸುತ್ತಾರೆ.

ಮುಚ್ಚಿಡುವ ಈ ಸ್ವಭಾವ ಹುಟ್ಟಿನಿಂದ ಬಂದದ್ದಲ್ಲ. 1976ರ ಏಪ್ರಿಲ್ 1ರಂದು ಆರಂಭವಾದ ಕಂಪನಿ ಮರುವರ್ಷ ಮಾರುಕಟ್ಟೆಗೆ ತಂದ ಆ್ಯಪಲ್ 2 ಕಂಪ್ಯೂಟರಿನ ಮುಚ್ಚಳವನ್ನು ಯಾವ ಉಪಕರಣವೂ ಇಲ್ಲದೆ ಕೈಯಿಂದಲೇ ತೆಗೆಯಬಹುದಿತ್ತು. ಒಳಗೆ ಬೇರೆಬೇರೆ ಕಾರ್ಡುಗಳನ್ನು ಸಿಕ್ಕಿಸಲು ಎಂಟು ಸ್ಲಾಟುಗಳಿದ್ದವು. ಪ್ರಿಂಟರಿಗೊಂದು, ಮೊಡೆಮ್ಮಿಗೊಂದು, ಒಟ್ಟು ಎರಡು ಸಾಕೆಂದು ಸ್ಟೀವ್ ಜಾಬ್ಸ್ ವಾದಿಸಿದ್ದರು. ಎಂಟೇ ಬೇಕೆಂದು ಪಟ್ಟು ಹಿಡಿದು ಗೆದ್ದವರು ಕಂಪನಿಯ ಇನ್ನೊಬ್ಬ ಸ್ಥಾಪಕ ಸ್ಟೀವ್ ವೋಜ್ನಿಯಾಕ್. ಕಂಪ್ಯೂಟರಿನ ಕೈಪಿಡಿಯಲ್ಲಿ ಸರ್ಕ್ಯೂಟಿನ ನಕ್ಷೆಯನ್ನೇ ಮುದ್ರಿಸಿದ್ದರು. ಆ ಮಾಲಿಕೆ 1993ರವರೆಗೂ ಮಾರಾಟವಾಯಿತು. 1984ರಲ್ಲಿ ಬಂದ ಮ್ಯಾಕಿಂತೋಷ್‌ನಲ್ಲಿ ಜಾಬ್ಸ್ ಅವರ ಮಾತು ನಡೆಯಿತು. ಸ್ಲಾಟುಗಳಿರಲಿಲ್ಲ, ಮೆಮೊರಿ ಹೆಚ್ಚಿಸುವಂತಿರಲಿಲ್ಲ, ಪೆಟ್ಟಿಗೆ ತೆರೆಯಲು ಉದ್ದನೆಯ ವಿಶೇಷ ಸ್ಕ್ರೂಡ್ರೈವರ್ ಬೇಕಾಗಿತ್ತು. ಅದನ್ನು ರೂಪಿಸಿದ ತಂಡದವರ ಸಹಿಗಳನ್ನು ಪೆಟ್ಟಿಗೆಯ ಒಳಮೈಯಲ್ಲಿ ಅಚ್ಚೊತ್ತಲಾಗಿತ್ತು. ಕೊಂಡವನು ಎಂದೂ ತೆರೆಯಬಾರದೆಂದು ಮಾಡಿದ ಪೆಟ್ಟಿಗೆಯ ಒಳಗೆ ಕಲಾವಿದರ ಸಹಿ! ಈ ಕಂಪನಿಯ ಹೆಮ್ಮೆ ಮತ್ತು ಹಟಗಳೆರಡನ್ನೂ ಒಟ್ಟಿಗೆ ಹೇಳುವ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಐಫೋನಿನ ಕಾಲಕ್ಕೆ ಹಟ ಸ್ಕ್ರೂಗಳಿಂದ ಸಾಫ್ಟ್‌ವೇರಿಗೆ ದಾಟಿತು. ಐಫೋನ್ 4ರ ಕಾಲದಲ್ಲಿ ಐದು ದಳದ ಪೆಂಟಲೋಬ್ ಸ್ಕ್ರೂಗಳು ಬಂದಾಗ ಅಂಗಡಿಗಳವರು ಅದಕ್ಕೆ ಹೊಂದುವ ಸ್ಕ್ರೂಡ್ರೈವರನ್ನು ಬೇಗನೆ ಸಂಪಾದಿಸಿಕೊಂಡರು. ಲೋಹದ ಬೀಗಕ್ಕೆ ಲೋಹದ ಕೀಲಿ ಸಿಗುತ್ತದೆ. ಸಾಫ್ಟ್‌ವೇರಿನ ಬೀಗ ಹಾಗಲ್ಲ. 2016ರ ಆರಂಭದಲ್ಲಿ, ಬೆರಳಚ್ಚು ಓದುವ ಹೋಮ್ ಬಟನ್ನನ್ನು ಹೊರಗಿನವರಿಂದ ಬದಲಿಸಿಕೊಂಡಿದ್ದ ಐಫೋನ್ 6ಗಳು ಅಪ್‌ಡೇಟ್ ಮಾಡಿದೊಡನೆ ‘ಎರರ್ 53’ ಎಂದು ತೋರಿಸಿ ಸತ್ತುಬಿದ್ದವು. ಇದು ಭದ್ರತೆಗಾಗಿ ಎಂದು ಮೊದಲು ಸಮರ್ಥಿಸಿಕೊಂಡ ಆ್ಯಪಲ್, ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿ, ಆ ಫೋನುಗಳನ್ನು ಎಬ್ಬಿಸುವ ಹೊಸ ಸಾಫ್ಟ್‌ವೇರ್ ಬಿಟ್ಟಿತು. ಆಸ್ಟ್ರೇಲಿಯದ ನ್ಯಾಯಾಲಯ 2018ರಲ್ಲಿ ಈ ಸಂಬಂಧ 90 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಹೊರಗಿನವರಲ್ಲಿ ರಿಪೇರಿ ಮಾಡಿಸಿದ ಮಾತ್ರಕ್ಕೆ ಗ್ರಾಹಕನ ಹಕ್ಕು ಹೋಗುವುದಿಲ್ಲವೆಂಬುದು ಅಲ್ಲಿ ಸ್ಪಷ್ಟವಾಯಿತು.

ಬ್ಯಾಟರಿಯ ಪ್ರಕರಣ ಇದಕ್ಕಿಂತ ಹೆಚ್ಚು ಕಲಿಸುವಂಥದ್ದಾದ್ದರಿಂದ ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಲಿಥಿಯಂ ಅಯಾನ್ ಬ್ಯಾಟರಿ ಹಳತಾದಂತೆ ಅದರ ಧಾರಣ ಶಕ್ತಿ ಕುಗ್ಗುವುದಷ್ಟೇ ಅಲ್ಲ, ಒಳಗಿನ ವಿದ್ಯುತ್ ರೋಧವೂ ಏರುತ್ತದೆ. ಚಿಪ್ಪು ಒಮ್ಮೆಲೇ ಹೆಚ್ಚು ಕರೆಂಟು ಎಳೆದಾಗ ವೋಲ್ಟೇಜು ಧುತ್ತನೆ ಇಳಿದು, ಬ್ಯಾಟರಿಯಲ್ಲಿ ಇನ್ನೂ ಶೇ 30ರಷ್ಟು ಚಾರ್ಜ್ ಇದೆಯೆಂದು ತೋರುತ್ತಿರುವಾಗಲೇ ಫೋನು ಆರಿಹೋಗುತ್ತದೆ. ಇದನ್ನು ತಪ್ಪಿಸಲು ಚಿಪ್ಪಿನ ವೇಗಕ್ಕೆ ಕಡಿವಾಣ ಹಾಕುವುದು ತಾಂತ್ರಿಕವಾಗಿ ಸರಿಯಾದ ಉಪಾಯವೇ. 2017ರ ಆರಂಭದಲ್ಲಿ ಬಂದ ಐಫೋನಿನ ಸಾಫ್ಟ್‌ವೇರ್ ಐಓಎಸ್ 10.2.1ರಲ್ಲಿ ಆ್ಯಪಲ್ ಮಾಡಿದ್ದು ಅದನ್ನೇ. ತಪ್ಪಿದ್ದು ಎಲ್ಲಿ ಎಂದರೆ, ಹೇಳದೇ ಮಾಡಿದ್ದರಲ್ಲಿ. ಫೋನು ನಿಧಾನವಾಯಿತೆಂದು ಕಂಡವರು ಬ್ಯಾಟರಿ ಬದಲಿಸಬೇಕೆಂದು ಯೋಚಿಸಲಿಲ್ಲ. ಫೋನಿಗೆ ವಯಸ್ಸಾಯಿತು, ಹೊಸದು ಕೊಳ್ಳಬೇಕು ಎಂದುಕೊಂಡರು. ಆ ವರ್ಷದ ಡಿಸೆಂಬರಿನಲ್ಲಿ, ಫೋನಿನ ವೇಗ ಅಳೆಯುವ ಗೀಕ್‌ಬೆಂಚ್ ಪರೀಕ್ಷೆಯ ಅಂಕಗಳನ್ನು ಗ್ರಾಫಿಗೆ ಹಾಕಿ ನೋಡಿದಾಗ ಗುಟ್ಟು ಹೊರಬಿತ್ತು.

ಕಂಪನಿ ಕ್ಷಮೆ ಕೇಳಿ, ಅಮೆರಿಕದಲ್ಲಿ ಬ್ಯಾಟರಿ ಬದಲಾವಣೆಯ ದರವನ್ನು 2018ರ ಮಟ್ಟಿಗೆ 79 ಡಾಲರಿನಿಂದ 29 ಡಾಲರಿಗೆ ಇಳಿಸಿತು. ಮುಂದೆ ಫ್ರಾನ್ಸಿನಲ್ಲಿ 2.5 ಕೋಟಿ ಯೂರೋ ದಂಡ ಕಟ್ಟಿತು, ಅಮೆರಿಕದಲ್ಲಿ 50 ಕೋಟಿ ಡಾಲರ್‌ವರೆಗಿನ ರಾಜಿಗೆ ಒಪ್ಪಿತು. ಆದರೆ ಈ ದಂಡಗಳಿಗಿಂತ ಮುಖ್ಯವಾದ ದಾಖಲೆ ಒಂದಿದೆ. 2019ರ ಜನವರಿ 2ರಂದು ಟಿಮ್ ಕುಕ್ ಹೂಡಿಕೆದಾರರಿಗೆ ಪತ್ರ ಬರೆದು, ಆ ತ್ರೈಮಾಸಿಕದ ವರಮಾನ ನಿರೀಕ್ಷೆಗಿಂತ ಕಡಿಮೆಯಾಗಲಿದೆ ಎಂದು ತಿಳಿಸಿದರು. ಚೀನಾದ ಆರ್ಥಿಕತೆ ನಿಧಾನಗೊಂಡದ್ದು ಮೊದಲಾದ ಕಾರಣಗಳ ಸಾಲಿನಲ್ಲಿ, ಅಗ್ಗವಾದ ಬ್ಯಾಟರಿ ಬದಲಾವಣೆಯನ್ನು ಗ್ರಾಹಕರು ಬಳಸಿಕೊಂಡದ್ದನ್ನೂ ಅವರು ಹೆಸರಿಸಿದರು. ಅಂದರೆ ಜನ ಹಳೆಯ ಫೋನಿಗೆ ಹೊಸ ಬ್ಯಾಟರಿ ಹಾಕಿಸಿಕೊಂಡು ಮನೆಗೆ ಹೋದರು, ಹೊಸ ಫೋನು ಕೊಳ್ಳಲಿಲ್ಲ. ರಿಪೇರಿಗೂ ಮಾರಾಟಕ್ಕೂ ಇರುವ ನಂಟನ್ನು ಕಂಪನಿಯ ಮುಖ್ಯಸ್ಥರೇ ಲಿಖಿತವಾಗಿ ಒಪ್ಪಿಕೊಂಡ ಮೇಲೆ, ದುರಸ್ತಿಯ ಚರ್ಚೆಯನ್ನು ಬರೀ ತಾಂತ್ರಿಕ ಚರ್ಚೆಯೆಂದು ನೋಡಲು ನನ್ನಿಂದಾಗುವುದಿಲ್ಲ.

ಕಂಪನಿಯ ವಾದದಲ್ಲಿ ಹುರುಳಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಬೆರಳಚ್ಚು ಓದುವ, ಮುಖ ಗುರುತಿಸುವ ಸಂವೇದಕಗಳು ನಮ್ಮ ಬ್ಯಾಂಕ್ ಖಾತೆಗೂ ಬಾಗಿಲು. ಅವುಗಳ ಜಾಗದಲ್ಲಿ ಮೋಸದ ಬಿಡಿಭಾಗ ಕೂರಿಸಲು ಬಿಡಬಾರದೆಂಬುದು ನಿಜವಾದ ಕಾಳಜಿ. ಕದ್ದ ಫೋನನ್ನು ಇಡಿಯಾಗಿ ಬಳಸಲಾಗದಿದ್ದರೆ ಬಿಚ್ಚಿ ಬಿಡಿಬಿಡಿಯಾಗಿ ಮಾರುವ ದಂಧೆ ಎಲ್ಲ ಊರುಗಳಲ್ಲೂ ಇದೆ. ಬಿಡಿಭಾಗಕ್ಕೂ ಗುರುತು ಇದ್ದರೆ ಆ ದಂಧೆಗೆ ಪೆಟ್ಟು ಬೀಳುತ್ತದೆ. ಆದರೆ ಬ್ಯಾಟರಿಗೂ ಬೆರಳಚ್ಚಿಗೂ ಏನು ಸಂಬಂಧ? ಒಂದೇ ಮಾದರಿಯ ಎರಡು ಅಸಲಿ ಐಫೋನ್ ತಂದು, ಅವುಗಳ ಡಿಸ್‌ಪ್ಲೇಗಳನ್ನು ಅದಲುಬದಲು ಮಾಡಿದರೂ ಎರಡೂ ದೂರುತ್ತಿದ್ದವಲ್ಲ, ಅದರಲ್ಲಿ ಯಾರ ಭದ್ರತೆಯಿತ್ತು? ಕಳ್ಳತನದ ಗುರುತನ್ನಷ್ಟೇ ಪರೀಕ್ಷಿಸಿ, ಕಳವಿನದ್ದಲ್ಲದ ಅಸಲಿ ಭಾಗಕ್ಕೆ ದಾರಿ ಬಿಡುವ ವ್ಯವಸ್ಥೆ ಮಾಡಬಹುದಿತ್ತು. 2024ರಲ್ಲಿ ಮಾಡಿದರು ಕೂಡ. ಯಾವಾಗ ಮಾಡಿದರು ಎಂಬುದನ್ನು ಗಮನಿಸಬೇಕು.

ಅಮೆರಿಕದ ಓರೆಗಾನ್ ರಾಜ್ಯದ ಶಾಸಕರು ಪಾರ್ಟ್ಸ್ ಪೇರಿಂಗ್ ಅನ್ನು ನಿಷೇಧಿಸುವ ಮಸೂದೆ ತಂದಾಗ ಆ್ಯಪಲ್‌ನ ಪ್ರತಿನಿಧಿ ಸಮಿತಿಯ ಮುಂದೆ ಹೋಗಿ ಅದನ್ನು ವಿರೋಧಿಸಿದ್ದರು. 2024ರ ಮಾರ್ಚ್ ಕೊನೆಯ ವಾರದಲ್ಲಿ ರಾಜ್ಯಪಾಲೆ ಸಹಿ ಹಾಕಿ ಅದು ಕಾನೂನಾಯಿತು. ಏಪ್ರಿಲ್ ಎರಡನೆಯ ವಾರ, ಬಳಸಿದ ಅಸಲಿ ಬಿಡಿಭಾಗಗಳನ್ನು ಮತ್ತೊಂದು ಐಫೋನಿಗೆ ಹಾಕಲು ಅವಕಾಶ ಕೊಡುವುದಾಗಿ ಆ್ಯಪಲ್ ಪ್ರಕಟಿಸಿತು. ಆ ಕೆಲಸ ಹದಿನೈದು ದಿನಗಳಲ್ಲಿ ಆದದ್ದಲ್ಲ, ಹಿಂದಿನಿಂದಲೇ ನಡೆದಿರಬೇಕು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ದೇಶ ದೇಶಗಳಲ್ಲಿ ಇಂಥ ಮಸೂದೆಗಳ ಗುಡುಗು ಕೇಳಿಸತೊಡಗಿ ಆಗಲೇ ಹಲವು ವರ್ಷಗಳಾಗಿದ್ದವು.

ಚಾರ್ಜರಿನ ಪಿನ್ನಿನ ಕಥೆಯೂ ಇಂಥದ್ದೇ. 2012ರಲ್ಲಿ ಬಂದ ಲೈಟ್ನಿಂಗ್ ಕೇಬಲ್ ತನ್ನ ಕಾಲಕ್ಕೆ ಒಳ್ಳೆಯದಾಗಿತ್ತು, ತಿರುಗಿಸಿ ಹಾಕಿದರೂ ನಡೆಯುತ್ತಿತ್ತು. ಎಲ್ಲರಿಗೂ ಒಂದೇ ಪಿನ್ ಎಂದರೆ ಹೊಸ ಆವಿಷ್ಕಾರಕ್ಕೆ ಅಡ್ಡಿ, ಹಳೆಯ ಕೇಬಲ್ಲುಗಳೆಲ್ಲ ಕಸವಾಗುತ್ತವೆ ಎಂದು ಆ್ಯಪಲ್ ಯುರೋಪಿನ ಮುಂದೆ ವರ್ಷಗಟ್ಟಲೆ ವಾದಿಸಿತು. ಅಷ್ಟರಲ್ಲಿ ತನ್ನದೇ ಲ್ಯಾಪ್‌ಟಾಪು, ಐಪ್ಯಾಡುಗಳಲ್ಲಿ ಯುಎಸ್‌ಬಿ-ಸಿ ಅಳವಡಿಸಿಯೂ ಆಗಿತ್ತು. ಯುರೋಪಿನ ನಿಯಮ 2024ರ ಡಿಸೆಂಬರಿನಿಂದ ಜಾರಿಗೆ ಬರುವುದಿತ್ತು. 2023ರ ಸೆಪ್ಟೆಂಬರಿನಲ್ಲೇ ಐಫೋನ್ 15ಕ್ಕೆ ಆ ಪಿನ್ ಬಂತು. ಬೆಂಗಳೂರಿನಲ್ಲಿ ಕೂತು ಆಂಡ್ರಾಯ್ಡ್ ಫೋನಿನ ಚಾರ್ಜರನ್ನು ಐಫೋನಿಗೆ ಚುಚ್ಚುವವರು ಯುರೋಪಿಯನ್ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸಿಗೆ ಋಣಿಗಳು.

ಎಲ್ಲಕ್ಕಿಂತ ಅಚ್ಚರಿಯದು ಅಂಟಿನ ವಿಷಯ. ಬ್ಯಾಟರಿಯನ್ನು ಅಂಟಿಸದೆ ತೆಳ್ಳಗಿನ, ನೀರು ಹೋಗದ ಫೋನು ಮಾಡಲಾಗದು ಎಂಬ ಮಾತನ್ನು ಇಡೀ ಉದ್ಯಮವೇ ಹೇಳುತ್ತ ಬಂದಿತ್ತು. 2024ರ ಐಫೋನ್ 16ರಲ್ಲಿ ಆ್ಯಪಲ್ ಹೊಸದೊಂದು ಅಂಟು ತಂದಿತು. ಒಂಬತ್ತು ವೋಲ್ಟಿನ ಸಾಮಾನ್ಯ ಬ್ಯಾಟರಿಯಿಂದ ಸುಮಾರು ಒಂದೂವರೆ ನಿಮಿಷ ಕರೆಂಟು ಹಾಯಿಸಿದರೆ ಅಂಟು ತಾನೇ ಬಿಟ್ಟುಕೊಳ್ಳುತ್ತದೆ. ಕೆರೆಯುವ, ಎಬ್ಬುವ, ಬ್ಯಾಟರಿ ಚುಚ್ಚಿ ಬೆಂಕಿ ಹತ್ತುವ ಭಯವಿಲ್ಲ. ಹಾಗೆ ನೋಡಿದರೆ ಇದು ಈ ಹತ್ತು ವರ್ಷಗಳಲ್ಲಿ ಫೋನಿನ ಒಳಗೆ ಆದ ಅತಿ ಜಾಣ ಬದಲಾವಣೆಗಳಲ್ಲಿ ಒಂದು. 2027ರ ಫೆಬ್ರವರಿಯಿಂದ ಬಳಕೆದಾರರೇ ಬ್ಯಾಟರಿ ಬದಲಿಸುವಂತಿರಬೇಕು ಎಂಬ ಯುರೋಪಿನ ನಿಯಮ 2023ರಲ್ಲೇ ಅಂಗೀಕಾರವಾಗಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ಜಾಣತನಕ್ಕೆ ಪ್ರೇರಣೆ ಎಲ್ಲಿಂದ ಬಂದಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಇದಕ್ಕೆ ಹೋಲಿಸಿದರೆ, ಕಾನೂನಿನ ನೇರ ಒತ್ತಡವಿಲ್ಲದೆ ತಂದ ‘ಸ್ವಯಂ ದುರಸ್ತಿ’ ಯೋಜನೆ ನಗು ತರಿಸುವಂತಿತ್ತು. 2022ರಲ್ಲಿ ಅಮೆರಿಕದಲ್ಲಿ ಆರಂಭವಾದಾಗ, ಒಂದು ಐಫೋನ್ ಬಿಚ್ಚಲು ಕಂಪನಿ ಬಾಡಿಗೆಗೆ ಕಳಿಸುತ್ತಿದ್ದ ಉಪಕರಣಗಳು ಎರಡು ದೊಡ್ಡ ಪೆಟ್ಟಿಗೆಗಳಲ್ಲಿ, ಸುಮಾರು 36 ಕೆ.ಜಿ. ತೂಗುತ್ತ ಮನೆಬಾಗಿಲಿಗೆ ಬರುತ್ತಿದ್ದವು. ವಾರದ ಬಾಡಿಗೆ 49 ಡಾಲರ್. ಎಸ್.ಪಿ. ರಸ್ತೆಯಲ್ಲಿ ಇದೇ ಕೆಲಸಕ್ಕೆ ಬೇಕಾದ ಸಾಮಾನು ಒಂದು ಸಣ್ಣ ಮೇಜಿನ ಮೇಲೆ ಹಿಡಿಸುತ್ತದೆ.

ಮ್ಯಾಕ್ ಕಂಪ್ಯೂಟರುಗಳ ಮೆಮೊರಿಯ ಬಗ್ಗೆ ನನ್ನ ಅಭಿಪ್ರಾಯ ಇಷ್ಟು ಕಟುವಲ್ಲ. ಮೆಮೊರಿಯನ್ನು ಚಿಪ್ಪಿನ ಪಕ್ಕದಲ್ಲೇ ಕೂರಿಸುವುದರಿಂದ ವೇಗ ಸಿಗುತ್ತದೆ, ವಿದ್ಯುತ್ ಉಳಿಯುತ್ತದೆ. ಅಲ್ಲಿ ಬೆಸುಗೆಗೆ ಒಂದು ಕಾರಣವಿದೆ. ಬೆಲೆಗೆ ಮಾತ್ರ ಕಾರಣವಿಲ್ಲ. ಭಾರತದಲ್ಲಿ 8 ಜಿಬಿ ಹೆಚ್ಚಿನ ಮೆಮೊರಿಗೆ 20,000 ರೂಪಾಯಿ ಕೇಳುವುದು, ಮುಂದೆಂದೂ ಹೆಚ್ಚಿಸಿಕೊಳ್ಳಲಾಗದವನಿಂದ ಮುಂಗಡವಾಗಿ ವಸೂಲಿ ಮಾಡಿದಂತೆಯೇ. 2024ರ ಅಕ್ಟೋಬರಿನಲ್ಲಿ ಎಲ್ಲ ಹೊಸ ಮ್ಯಾಕ್‌ಗಳಿಗೂ ಕನಿಷ್ಠ 16 ಜಿಬಿ ಕೊಟ್ಟದ್ದು ಒಳ್ಳೆಯದೇ ಆಯಿತು.

ನಿಯಂತ್ರಣವೆಲ್ಲ ಒಂದೇ ಕೈಯಲ್ಲಿದ್ದರೆ ಕಾಯುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ ಎಂಬುದನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಐಫೋನ್ ಬಂದದ್ದು 2007ರಲ್ಲಿ. ಆ್ಯಪಲ್‌ನದೇ ಕನ್ನಡ ಕೀಲಿಮಣೆ ಬಂದದ್ದು 2017ರ ಐಓಎಸ್ 11ರಲ್ಲಿ. ಬೇರೆಯವರು ಮಾಡಿದ ಕೀಲಿಮಣೆಗಳನ್ನು ಹಾಕಿಕೊಳ್ಳಲು ಕೂಡ 2014ರವರೆಗೆ ಅನುಮತಿ ಇರಲಿಲ್ಲ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಎಂಬ ಒಂದು ಅಕ್ಷರಗುಚ್ಛ ಸಂದೇಶದಲ್ಲಿ ಬಂದರೆ ಸಾಕು, ಐಫೋನಿನ ಆ್ಯಪುಗಳು ಕುಸಿದುಬೀಳುತ್ತಿದ್ದವು. ಅಪ್‌ಡೇಟ್ ಬರುವವರೆಗೆ ಜಗತ್ತಿನ ಯಾವ ಜಾಣನೂ ತನ್ನ ಫೋನಿನಲ್ಲಿ ಅದನ್ನು ಸರಿಪಡಿಸಿಕೊಳ್ಳುವಂತಿರಲಿಲ್ಲ.

ಇನ್ನೊಂದು ಕಡೆ, ಸಾಫ್ಟ್‌ವೇರಿನ ಆಯುಷ್ಯದಲ್ಲಿ ಆ್ಯಪಲ್ ಬಹುಕಾಲ ಎಲ್ಲರನ್ನೂ ಮೀರಿಸಿತ್ತೆಂಬುದನ್ನು ಒಪ್ಪಲೇಬೇಕು. 2015ರ ಐಫೋನ್ 6ಎಸ್‌ಗೆ 2021ರ ಐಓಎಸ್ 15 ಸಿಕ್ಕಿತು. 2013ರ 5ಎಸ್‌ಗೆ 2023ರ ಜನವರಿಯಲ್ಲೂ ಭದ್ರತೆಯ ಅಪ್‌ಡೇಟ್ ಬಂತು. ಆಗಿನ ಆಂಡ್ರಾಯ್ಡ್ ಫೋನುಗಳು ಎರಡು ಮೂರು ವರ್ಷಕ್ಕೆ ಅನಾಥವಾಗುತ್ತಿದ್ದವು. ನಮ್ಮಲ್ಲಿ ಅಣ್ಣನ ಐಫೋನು ತಮ್ಮನಿಗೆ, ತಮ್ಮನದು ಅಮ್ಮನಿಗೆ ಇಳಿದು ಬರುವುದು ಇದರಿಂದಲೇ. ಆದರೆ ಈ ಗುಣವೇ ದುರಸ್ತಿಯ ವಾದಕ್ಕೆ ಬಲ ಕೊಡುತ್ತದೆ. ಐಫೋನ್ 14ರವರೆಗಿನ ಬ್ಯಾಟರಿಗಳು 500 ಪೂರ್ಣ ಚಾರ್ಜುಗಳ ನಂತರ ಶೇ 80ಕ್ಕೆ ಇಳಿಯುವ ಲೆಕ್ಕದಲ್ಲಿ ಮಾಡಿದವು. ದಿನಕ್ಕೊಂದು ಸಲ ಪೂರ್ತಿ ಚಾರ್ಜು ಬಳಸುವವನಿಗೆ ಅದು ಒಂದೂವರೆ ವರ್ಷಕ್ಕಿಂತ ಕಡಿಮೆ. ಆರೇಳು ವರ್ಷ ಬಾಳುವ ಸಾಫ್ಟ್‌ವೇರಿಗೆ ಒಂದೆರಡು ಬಾರಿಯಾದರೂ ಬ್ಯಾಟರಿ ಬದಲಿಸಲೇಬೇಕು. ಆ್ಯಪಲ್‌ನದಲ್ಲದ ಬ್ಯಾಟರಿ ಹಾಕಿಸಿದಾಗೆಲ್ಲ ‘ಈ ಭಾಗ ಅಸಲಿಯೆಂದು ಖಚಿತಪಡಿಸಲಾಗುತ್ತಿಲ್ಲ’ ಎಂಬ ಸೂಚನೆ ತೋರಿಸುವ ಫೋನಿಗೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ.

ಕರ್ನಾಟಕಕ್ಕೆ ಈ ಫೋನು ಈಗ ಬರೀ ಕೊಳ್ಳುವ ವಸ್ತುವಲ್ಲ. 2017ರಲ್ಲಿ ವಿಸ್ಟ್ರಾನ್ ಕಂಪನಿ ಬೆಂಗಳೂರಿನಲ್ಲಿ ಐಫೋನ್ ಎಸ್‌ಇ ಜೋಡಿಸತೊಡಗಿತು; ಮುಂದೆ ಕೋಲಾರದ ನರಸಾಪುರದಲ್ಲಿ ದೊಡ್ಡ ಘಟಕ ಎದ್ದಿತು. 2020ರ ಡಿಸೆಂಬರಿನಲ್ಲಿ ವೇತನ ಸರಿಯಾಗಿ ಬರಲಿಲ್ಲವೆಂದು ಕಾರ್ಮಿಕರು ಅಲ್ಲಿ ದಾಂಧಲೆ ನಡೆಸಿದ ಮೇಲೆ, ವೇತನ ಪಾವತಿಯಲ್ಲಿ ಲೋಪವಾದದ್ದನ್ನು ವಿಸ್ಟ್ರಾನ್ ಒಪ್ಪಿಕೊಂಡಿತು, ಆ್ಯಪಲ್ ಅದಕ್ಕೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. 2023ರಲ್ಲಿ ಆ ಘಟಕವನ್ನು ಟಾಟಾ ಸಮೂಹ ಕೊಂಡುಕೊಂಡಿತು. ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ ಬಂದಿದೆ. 2025ರ ಸೆಪ್ಟೆಂಬರಿನಲ್ಲಿ ಹೆಬ್ಬಾಳದ ಮಾಲಿನಲ್ಲಿ ಆ್ಯಪಲ್ ತನ್ನದೇ ಮಳಿಗೆ ತೆರೆಯಿತು. ಜೋಡಿಸುವುದೂ ಮಾರುವುದೂ ಒಂದೆರಡು ಗಂಟೆಯ ದಾರಿಯೊಳಗೆ ನಡೆಯುತ್ತದೆ. ಐಫೋನು ಜೋಡಿಸುವ ಕೈಗಳಿಗೆ ಕಸುಬು ಬರುತ್ತದೆ ಎಂದು ನಂಬಿದ ಕಂಪನಿ, ಅದೇ ಊರಿನ ರಿಪೇರಿಯವರ ಕೈಗಳನ್ನು ನಂಬಲು ಯಾಕೆ ಇಷ್ಟು ಅಳುಕುತ್ತದೆ ಎಂಬುದು ನನಗೆ ಬಗೆಹರಿಯದ ಪ್ರಶ್ನೆ.

ಭಾರತ ಸರ್ಕಾರ 2022ರಲ್ಲಿ ‘ದುರಸ್ತಿಯ ಹಕ್ಕು’ ಜಾಲತಾಣ ಆರಂಭಿಸಿತು. ಗ್ರಾಹಕ ವ್ಯವಹಾರಗಳ ಇಲಾಖೆ ನೇಮಿಸಿದ ಸಮಿತಿಯೊಂದು ದುರಸ್ತಿ ಸೂಚ್ಯಂಕದ ಬಗ್ಗೆ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಫ್ರಿಜ್ಜಿನ ಮೇಲೆ ವಿದ್ಯುತ್ ಉಳಿತಾಯದ ನಕ್ಷತ್ರಗಳಿರುವಂತೆ, ಫೋನಿನ ಪೆಟ್ಟಿಗೆಯ ಮೇಲೆ ಅದನ್ನು ರಿಪೇರಿ ಮಾಡುವುದು ಎಷ್ಟು ಸುಲಭ ಎಂಬ ಅಂಕ ಇರಬೇಕೆಂಬುದು ಇದರ ಆಶಯ. ಸೂಚ್ಯಂಕ ಮಾಹಿತಿ ಕೊಡುತ್ತದೆಯೇ ಹೊರತು ಯಾವುದನ್ನೂ ನಿಷೇಧಿಸುವುದಿಲ್ಲ, ಹಾಗಾಗಿ ಓರೆಗಾನ್‌ನ ಕಾನೂನಿನ ಬಲ ಇದಕ್ಕಿಲ್ಲ. ಆದರೂ ಅಂಕ ಹೇಗೆ ಲೆಕ್ಕ ಹಾಕುತ್ತಾರೆ ಎಂಬುದರ ಮೇಲೆ ಇದರ ಉಪಯೋಗ ನಿಂತಿದೆ. ಸ್ಕ್ರೂ ಎಷ್ಟು, ಅಂಟು ಎಷ್ಟು, ಕೈಪಿಡಿ ಇದೆಯೇ ಎಂದಷ್ಟೇ ಎಣಿಸಿದರೆ ಆ್ಯಪಲ್‌ಗೆ ಒಳ್ಳೆಯ ಅಂಕವೇ ಬಂದೀತು. ಒಂದು ಫೋನಿನಿಂದ ತೆಗೆದ ಅಸಲಿ ಭಾಗ ಇನ್ನೊಂದರಲ್ಲಿ, ಕಂಪನಿಯ ಸರ್ವರಿನ ಅಪ್ಪಣೆಯಿಲ್ಲದೆ ಪೂರ್ತಿಯಾಗಿ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಅಲ್ಲಿ ದೊಡ್ಡ ಪಾಲು ಸಿಗಬೇಕು. 2022ರ ಐಫೋನ್ 14ರ ಒಳವಿನ್ಯಾಸವನ್ನು ಆ್ಯಪಲ್ ಹೊಸದಾಗಿ ಮಾಡಿ, ಹಿಂಬದಿಯ ಗಾಜನ್ನು ಸುಲಭವಾಗಿ ತೆಗೆಯುವಂತೆ ರೂಪಿಸಿದಾಗ, ಉಪಕರಣಗಳನ್ನು ಬಿಚ್ಚಿ ಪರಿಶೀಲಿಸುವ ಐಫಿಕ್ಸಿಟ್ ಸಂಸ್ಥೆ ಅದಕ್ಕೆ ಹತ್ತರಲ್ಲಿ ಏಳು ಅಂಕ ಕೊಟ್ಟು ಹೊಗಳಿತ್ತು. ಒಂದು ವರ್ಷದ ನಂತರ, ಪಾರ್ಟ್ಸ್ ಪೇರಿಂಗ್ ಅನ್ನು ಲೆಕ್ಕಕ್ಕೆ ತೆಗೆದುಕೊಂಡು ಅದೇ ಫೋನಿನ ಅಂಕವನ್ನು ನಾಲ್ಕಕ್ಕೆ ಇಳಿಸಿತು. ಆ ನಡುವೆ ಫೋನಿನ ಒಂದು ಸ್ಕ್ರೂ ಕೂಡ ಬದಲಾಗಿರಲಿಲ್ಲ.